ಸತ್ಯಾಂಶ: ಹೀಟ್ ಪ್ರೆಸ್ ಪ್ರಿಂಟ್ ಎಲ್ಲ ಬಟ್ಟೆಗೂ ಕೂರುತ್ತದೆಯೇ?

ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆಗೆ ಟಿ-ಶರ್ಟ್ ಮಾಡಿಸುವ ಗೆಳೆಯರ ಗ್ರೂಪುಗಳಲ್ಲಿ ಈ ಸಂದೇಶ ಓಡಾಡುತ್ತಿದೆ: "ಹೀಟ್ ಪ್ರೆಸ್‌ನಲ್ಲಿ ಒತ್ತಿದ ಚಿತ್ರ, ಬಟ್ಟೆ ಯಾವುದೇ ಇರಲಿ, ಹರಿಯೋತನಕ ಹೋಗಲ್ಲ." ಇದು ಅರ್ಧ ಮಾತ್ರ ನಿಜ.

ಹೀಟ್ ಪ್ರೆಸ್ ಎಂದರೆ ಶಾಖ ಕೊಟ್ಟು ಒತ್ತಿ ಬಟ್ಟೆಗೆ ಚಿತ್ರ ಕೂರಿಸುವ ಯಂತ್ರ. ಯಂತ್ರ ಒಂದೇ, ವಿಧಾನ ಬೇರೆ ಬೇರೆ. ಬಾಳಿಕೆಗೆ ಹೆಸರಾದದ್ದು ಸಬ್ಲಿಮೇಷನ್. ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕಾಗದದ ಮೇಲಿನ ಬಣ್ಣ ನೇರ ಆವಿಯಾಗಿ ಪಾಲಿಯೆಸ್ಟರ್ ಎಳೆಯೊಳಗೆ ಸೇರಿಕೊಳ್ಳುತ್ತದೆ. ಕೈಯಾಡಿಸಿದರೆ ಪ್ರಿಂಟ್ ಇದೆ ಅಂತಲೇ ಅನಿಸುವುದಿಲ್ಲ, ಬಿರುಕೂ ಬಿಡುವುದಿಲ್ಲ. ಆದರೆ ಹತ್ತಿಯ ಎಳೆ ಈ ಬಣ್ಣವನ್ನು ಹಿಡಿದುಕೊಳ್ಳುವುದಿಲ್ಲ, ಒಗೆದಂತೆ ಮಸುಕಾಗುತ್ತದೆ. ಶಾಯಿ ಪಾರದರ್ಶಕ, ಅದರಲ್ಲಿ ಬಿಳಿ ಬಣ್ಣವೂ ಇಲ್ಲ. ಹಾಗಾಗಿ ಕಪ್ಪು ಬಟ್ಟೆಯ ಮೇಲೆ ಚಿತ್ರ ಕಾಣುವುದೇ ಇಲ್ಲ.

ಹತ್ತಿಗೆ ಸಾಮಾನ್ಯವಾಗಿ ಅಂಟಿಸುವುದು ವಿನೈಲ್ ಎಂಬ ಪ್ಲಾಸ್ಟಿಕ್ ಹಾಳೆ ಇಲ್ಲವೇ ಚಿತ್ರವನ್ನು ಬಟ್ಟೆಗೆ ದಾಟಿಸುವ ಟ್ರಾನ್ಸ್‌ಫರ್ ಪೇಪರ್. ಇಲ್ಲಿ ಬಣ್ಣ ಒಳಗಿಳಿಯದೆ ಪದರವಾಗಿ ಮೇಲೆ ಕೂರುತ್ತದೆ. ಕ್ರಮೇಣ ಬಿರುಕು ಬಿಡಬಹುದು, ಅಂಚು ಏಳಬಹುದು. ಗಾಳಿಯೂ ಆಡುವುದಿಲ್ಲ. 40 ಡಿಗ್ರಿ ದಾಟುವ ನಮ್ಮ ಬ್ಯಾಸಗಿಯಲ್ಲಿ ಎದೆ ತುಂಬ ಇಂಥ ಚಿತ್ರವಿದ್ದ ಅಂಗಿ ತೊಡುವುದು ನಿಜಕ್ಕೂ ಹಿಂಸೆ, ಅದಕ್ಕೇ ಸಣ್ಣ ಚಿತ್ರ ಹಾಕಿಸಿ.

ಹಾಗಂತ ಹೀಟ್ ಪ್ರೆಸ್ ಬೇಡವೇ ಬೇಡ ಅನ್ನಲಾರೆ. ಸ್ಕ್ರೀನ್ ಪ್ರಿಂಟಿಂಗ್‌ಗೆ ಬೇಕಾಗುವ ಸ್ಕ್ರೀನ್ (ಬಣ್ಣ ಇಳಿಸುವ ಅಚ್ಚಿನ ಜಾಲರಿ) ಮಾಡಿಸುವ ಖರ್ಚಿಲ್ಲದೆ, ಒಂದೇ ಅಂಗಿಯಾದರೂ ಫೋಟೊ ಸಮೇತ ಬೇಗ ಸಿಗುತ್ತದೆ. ಒಂದೇ ಚಿತ್ರದ ನೂರಾರು ಅಂಗಿ ಬೇಕಿದ್ದರೆ ಮಾತ್ರ ಸಾಮಾನ್ಯವಾಗಿ ಸ್ಕ್ರೀನ್ ಪ್ರಿಂಟಿಂಗೇ ಅಗ್ಗ.

ಮುಂಗಡ ಕೊಡುವ ಮುನ್ನ ಬಟ್ಟೆ ಯಾವುದು, ಪ್ರಿಂಟ್ ಯಾವುದು ಎಂದು ಅಂಗಡಿಯಲ್ಲಿ ಕೇಳಿ. ಅಂಗಿಯನ್ನು ಒಳಮಗ್ಗುಲು ತಿರುವಿ ತಣ್ಣೀರಿನಲ್ಲಿ ಒಗೆಯಿರಿ. ಪ್ರಿಂಟ್ ಮೇಲೆ ನೇರವಾಗಿ ಇಸ್ತ್ರಿ ಇಡಬೇಡಿ.