‘ಮಾಡು, ಮತ್ತೆ ನೋಡುವ’

ಕಳೆದ ರಾಜ್ಯೋತ್ಸವಕ್ಕೆ ಇಲ್ಲಿ ಇಂಗ್ಲೆಂಡಿನಲ್ಲಿ ನಾವು ಹತ್ತು ಹನ್ನೆರಡು ಕನ್ನಡ ಮನೆಯವರು ಸೇರಿ ಸಣ್ಣದೊಂದು ಕಾರ್ಯಕ್ರಮ ಇಟ್ಟುಕೊಂಡಿದ್ದೆವು. ಪೋಸ್ಟರ್ ಬೇಕಿತ್ತು. ಪುಸ್ತಕ ವಿನ್ಯಾಸವೇ ನನ್ನ ಹೊಟ್ಟೆಪಾಡು, ನಾನೇ ಮಾಡಬಹುದಿತ್ತು, ಆದರೆ ಆ ತಿಂಗಳು ಪುರುಸೊತ್ತೇ ಇರಲಿಲ್ಲ. ರೆಡಿಂಗ್ ವಿಶ್ವವಿದ್ಯಾಲಯದಲ್ಲಿ ಗ್ರಾಫಿಕ್ ಡಿಸೈನ್ ಓದುತ್ತಿರುವ ಎರಡನೇ ವರ್ಷದ ಹುಡುಗಿಯೊಬ್ಬಳು ಒಪ್ಪಿಕೊಂಡಳು.

ಒಂದು ಗಂಟೆ ಕೂತು ಮಾತಾಡಿದೆವು. ಮೂರು ದಿನ ಬಿಟ್ಟು ಅವಳು ಕಳಿಸಿದ್ದು ಒಂದು ಪುಟದ ಬರಹ. ನಾವು ಹೇಳಿದ್ದನ್ನೆಲ್ಲ ತನ್ನ ಮಾತಿನಲ್ಲಿ ತಿರುಗಿ ಬರೆದಿದ್ದಳು. ಕಾರ್ಯಕ್ರಮ ಯಾರಿಗಾಗಿ, ಪೋಸ್ಟರ್ ಎಲ್ಲೆಲ್ಲಿ ಅಂಟಿಸುತ್ತೀರಿ, ಕನ್ನಡ ಬಾರದ ನೆರೆಯವರೂ ಬರಬೇಕೇ, ಕನ್ನಡದ ಸಾಲುಗಳನ್ನು ಓದಿ ತಪ್ಪು ಹೇಳುವವರು ಯಾರು, ತಿದ್ದುಪಡಿ ಎಷ್ಟು ಸಲ, ಅಚ್ಚಿಗೆ ಹೋಗುವ ದಿನ ಯಾವುದು. ಕೊನೆಗೆ, ನಾನು ತಪ್ಪು ತಿಳಿದುಕೊಂಡಿದ್ದರೆ ಈಗಲೇ ಹೇಳಿ ಎಂದಿತ್ತು. ಓದಿ ಮುಗಿಸಿದಾಗ ನನಗೆ ನಿಜವಾಗಿಯೂ ನೋವಾಯಿತು. ಮಂಗಳೂರಿನಲ್ಲಿ ನಾಲ್ಕು ವರ್ಷ ಅಪ್ಲೈಡ್ ಆರ್ಟ್ ಕಲಿತವನು ನಾನು. ಇಂಥದೊಂದು ಹಾಳೆ ಬರೆಯಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅವರಿಗೆ ಅದು ಪಾಠದ ಒಂದು ಭಾಗ. ಆ ವಿಭಾಗದಲ್ಲಿ ‘ರಿಯಲ್ ಜಾಬ್ಸ್’ ಎಂಬ ಹೆಸರಿನಲ್ಲಿ ವಿದ್ಯಾರ್ಥಿಗಳು ನಿಜವಾದ ಗ್ರಾಹಕರಿಗೆ ನಿಜವಾದ ಕೆಲಸ ಮಾಡಿಕೊಡುತ್ತಾರೆ, ಮೇಷ್ಟ್ರುಗಳು ಹಿಂದೆ ನಿಂತು ನೋಡುತ್ತಾರೆ. ಗ್ರಾಹಕ ಹೇಳಿದ್ದನ್ನು ತಿರುಗಿ ಬರೆದು ಅವನಿಂದ ಹೌದು ಅನ್ನಿಸಿಕೊಳ್ಳುವುದು ಅದರ ಮೊದಲ ಮೆಟ್ಟಿಲು. ಕಂಪ್ಯೂಟರ್ ತೆರೆಯುವುದು ಆಮೇಲೆ.

ನಮ್ಮಲ್ಲಿ? ಮೂರನೇ ವರ್ಷದಲ್ಲಿದ್ದಾಗ ಉಡುಪಿ ಕಡೆಯ ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಆಮಂತ್ರಣ ಪತ್ರಿಕೆ ಮಾಡಲು ಹೇಳಿದರು. ಹದಿನಾರು ಪುಟ. ಸಮಿತಿಯವರು ಅಪ್ಪನ ಪರಿಚಯದವರು. ಎಂತ ಬೇಕು, ಹೇಗೆ ಬೇಕು ಎಂದು ಕೇಳಿದರೆ ಅವರ ಉತ್ತರ ಒಂದೇ: ‘ನೀನು ಮಾಡು ಮಾರಾಯ, ಮತ್ತೆ ನೋಡುವ.’ ಮಾಡಿ ಕೊಂಡುಹೋದೆ. ಗೌರವಾಧ್ಯಕ್ಷರ ಫೋಟೋ ಕಾರ್ಯಾಧ್ಯಕ್ಷರದ್ದಕ್ಕಿಂತ ಸಣ್ಣ ಆಯಿತಂತೆ. ದೊಡ್ಡ ಮಾಡಿದೆ. ಹಸಿರು ಬೇಡ, ಕೇಸರಿ ಹಾಕು ಎಂದರು. ಹಾಕಿದೆ. ಹೊರೆಕಾಣಿಕೆಯ ಪುಟಕ್ಕೆ ಇನ್ನೂ ಎರಡು ಊರಿನ ಹೆಸರು ಬಂತು, ಅನ್ನಸಂತರ್ಪಣೆಯ ದಾನಿಗಳ ಪಟ್ಟಿ ಉದ್ದವಾಯಿತು, ಯಕ್ಷಗಾನದ ಪ್ರಸಂಗವೇ ಬದಲಾಯಿತು. ಒಟ್ಟು ಹನ್ನೊಂದು ಸಲ ತಿದ್ದಿದೆ. ದರದ ಮಾತೆತ್ತಿದಾಗ ಅದಕ್ಕೂ ‘ಮತ್ತೆ ನೋಡುವ’. ಸಮಾರೋಪದ ದಿನ ವೇದಿಕೆಗೆ ಕರೆದು ಶಾಲು ಹೊದೆಸಿ ಪ್ರಸಾದ ಕೊಟ್ಟರು. ದೇವರ ಕೆಲಸ, ಅಪ್ಪ ಬೇರೆ ಎದುರಿಗೇ ಕೂತಿದ್ದರು. ನಾನು ಬಾಯಿ ಬಿಡಲಿಲ್ಲ. ಮಂಗಳೂರಿಗೆ ಹಿಂದಿರುಗುವ ಎಕ್ಸ್‌ಪ್ರೆಸ್ ಬಸ್ಸಿನ ಟಿಕೆಟಿಗೂ ಅಮ್ಮನ ಹತ್ತಿರವೇ ಕೇಳಿದೆ.

ಅದೆಲ್ಲ ಹಳೆಯ ಕಥೆ ಎಂದುಕೊಂಡಿದ್ದೆ. ಮೊನ್ನೆ ಅಕ್ಕನ ಮಗಳು ಫೋನ್ ಮಾಡಿದಳು, ಅವಳೂ ಮಂಗಳೂರಿನಲ್ಲಿ ಇದೇ ಓದುತ್ತಿದ್ದಾಳೆ. ‘ಮಾವ, ಒಬ್ಬರಿಗೆ ಲೋಗೋ ಮಾಡಿ ಕೊಟ್ಟು ಎರಡು ತಿಂಗಳಾಯ್ತು. ದುಡ್ಡು ಕೇಳ್ಲಿಕ್ಕೆ ನಾಚಿಕೆ ಆಗ್ತದೆ. ಎಷ್ಟು ಅಂತ ಹೇಳುದು?’ ಇಂಟರ್ನ್‌ಶಿಪ್ ಎಂದು ಹೋದ ಕಡೆ ಎರಡು ತಿಂಗಳು ಬರೀ ಫೋಟೋಗಳ ಹಿನ್ನೆಲೆ ಕತ್ತರಿಸುವ ಕೆಲಸ ಕೊಟ್ಟರಂತೆ. ಗ್ರಾಹಕರು ಬಂದಾಗ ಅವಳನ್ನು ಒಳಗೆ ಕೂರಿಸುತ್ತಿದ್ದರಂತೆ. ಕೊನೆಗೆ ಸರ್ಟಿಫಿಕೇಟ್ ಸಿಕ್ಕಿತು, ಅಷ್ಟೆ. ಅವಳ ಕೈ ನನ್ನ ಕೈಗಿಂತ ಎಷ್ಟೋ ಚೆನ್ನ. ಅವಳು ಬಿಡಿಸಿದ ಹುಲಿವೇಷದ ಚಿತ್ರವೊಂದು ನನ್ನ ಮೇಜಿನ ಮೇಲೆ ಇದೆ, ಬಣ್ಣದ ಪಟ್ಟೆಗಳು ಮೈಮೇಲೆ ಇನ್ನೂ ಹಸಿಯಾಗಿವೆಯೇನೋ ಅನ್ನಿಸುತ್ತದೆ. ಇಂಥ ಹುಡುಗಿಗೆ ತನ್ನ ಕೆಲಸದ ಬೆಲೆ ಎಷ್ಟು ಎಂದು ಸಾವಿರಾರು ಮೈಲಿ ದೂರದ ಮಾವನನ್ನು ಕೇಳುವ ಗತಿ ಬಂತಲ್ಲ ಎಂಬುದೇ ನನ್ನ ಸಿಟ್ಟು.

ಅದೂ ಯಾವ ಊರಿನಲ್ಲಿ? ಬಾಸೆಲ್ ಮಿಷನ್ ಪ್ರೆಸ್ 1841ರಲ್ಲಿ ಶುರುವಾದ ಊರಿನಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಮೂಡಿದ, 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾದ ಊರಿನಲ್ಲಿ. ಕಂಪ್ಯೂಟರಿನಲ್ಲಿ ನಾವು ಕನ್ನಡ ಕುಟ್ಟುವ ಕೀಲಿಮಣೆಯ ವಿನ್ಯಾಸ ಕೊಟ್ಟ ಕೆ.ಪಿ. ರಾವ್ ಅಲ್ಲೇ ಹತ್ತಿರದ ಕಿನ್ನಿಕಂಬಳದವರು. ಇದೆಲ್ಲ ನಮಗೆ ಪತ್ರಿಕಾ ದಿನದ ಭಾಷಣದಲ್ಲಿ ಕೇಳಿ ಗೊತ್ತು. ತರಗತಿಯಲ್ಲಿ ಮಾತ್ರ ನಾಲ್ಕು ವರ್ಷ ಇಂಗ್ಲಿಷ್ ಅಕ್ಷರದ ಪೋಸ್ಟರುಗಳನ್ನೇ ಮಾಡಿದೆ. ಕನ್ನಡದ ಒತ್ತಕ್ಷರಕ್ಕೆ ಸಾಲಿನ ನಡುವೆ ಎಷ್ಟು ಜಾಗ ಬಿಡಬೇಕು ಎಂದು ಒಂದು ದಿನವೂ ಚರ್ಚೆಯಾಗಲಿಲ್ಲ.

ಆ ರೆಡಿಂಗಿನ ಹುಡುಗಿಗೆ ಕನ್ನಡದ ಒಂದು ಅಕ್ಷರವೂ ಬರುವುದಿಲ್ಲ. ಅವರ ವಿಭಾಗದಲ್ಲಿ ಭಾರತದ ಲಿಪಿಗಳ ಅಚ್ಚಕ್ಷರಕ್ಕೆಂದು ಬಿಡಿಸಿದ ಹಳೆಯ ರೇಖಾಚಿತ್ರಗಳ ಸಂಗ್ರಹವಿದೆ, ಬೇರೆ ಲಿಪಿಯನ್ನು ನಿಧಾನಕ್ಕೆ ನೋಡುವ ಅಭ್ಯಾಸ ಅಲ್ಲಿಂದ ಬಂದಿರಬೇಕು. ಮೊದಲ ಕರಡನ್ನು ಪೋಸ್ಟರಿನ ಪೂರ್ತಿ ಅಳತೆಯಲ್ಲೇ ಮುದ್ರಿಸಿ ತಂದಿದ್ದಳು. ‘ರಾಜ್ಯೋತ್ಸವ’ದ ತ್ಸ ಇದೆಯಲ್ಲ, ಅದರ ಒತ್ತು ಕೆಳಗಿನ ಸಾಲಿನ ‘ಸಂಜೆ’ಯ ತಲೆಕಟ್ಟಿಗೆ ತಾಗುತ್ತಿತ್ತು. ಅಲ್ಲಿ ಪೆನ್ಸಿಲಿನಿಂದ ಸಣ್ಣ ಸುತ್ತು ಹಾಕಿ ಕೇಳಿದಳು: ಈ ಗುರುತು ಮೇಲಿನ ಅಕ್ಷರದ್ದೋ ಕೆಳಗಿನದ್ದೋ? ಓದಲು ಬಾರದವಳ ಕಣ್ಣಿಗೆ ಬಿದ್ದದ್ದು ಓದಲು ಬರುವ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಸಾಲುಗಳನ್ನು ಸ್ವಲ್ಪ ದೂರ ಸರಿಸಿದಳು. ಎರಡನೇ ತಿದ್ದುಪಡಿಗೆ ಕೆಲಸ ಮುಗಿಯಿತು.

ಇಲ್ಲಿಯದೆಲ್ಲ ಚಿನ್ನ ಎಂದು ಹೇಳಲಾರೆ. ಈ ಮಕ್ಕಳ ವರ್ಷದ ಶುಲ್ಕವೇ 2025–26ರಲ್ಲಿ 9,535 ಪೌಂಡ್ ಇತ್ತು, ಹೆಚ್ಚಿನವರು ಸಾಲದಲ್ಲಿ ಓದುವವರು. ಹೊರದೇಶದಿಂದ ಬಂದವರಿಗೆ ಇನ್ನೂ ದುಬಾರಿ, ಅಕ್ಕನ ಮಗಳಿಗೆ ಬಾ ಎನ್ನುವ ಧೈರ್ಯ ನನಗಿಲ್ಲ. ಓದಿನ ಭಾಗವಾಗಿ ಒಂದು ವರ್ಷದೊಳಗಿನ ಕೆಲಸಕ್ಕೆ ಹೋಗುವ ವಿದ್ಯಾರ್ಥಿಗೆ ಕನಿಷ್ಠ ಕೂಲಿ ಕೊಡಲೇಬೇಕೆಂಬ ಕಾನೂನು ಇಲ್ಲಿಯೂ ಅನ್ವಯಿಸುವುದಿಲ್ಲ. ಪುಕ್ಕಟೆ ದುಡಿಸುವವರು ಇಲ್ಲೂ ಇದ್ದಾರೆ.

ಮತ್ತೊಂದು ಮಾತನ್ನೂ ಹೇಳಲೇಬೇಕು, ಇಷ್ಟು ಹೊತ್ತು ಮುಂದೂಡಿದ್ದೆ. ಓದುತ್ತಿದ್ದಾಗ ಮಂಗಳೂರಿನ ಹಂಪನಕಟ್ಟೆಯ ಒಂದು ಡಿಟಿಪಿ ಅಂಗಡಿಯಲ್ಲಿ ರಾತ್ರಿ ಹೊತ್ತು ಕೂರುತ್ತಿದ್ದೆ. ಆ ಆಮಂತ್ರಣ ಪತ್ರಿಕೆಯನ್ನೂ ಅಲ್ಲೇ ಮಾಡಿದ್ದು. ಹತ್ತನೇ ಸಲ ತಿದ್ದಿದ ಮೇಲೆ ಅಂಗಡಿಯ ಯಜಮಾನರು ಕರಡನ್ನು ತೆಗೆದುಕೊಂಡು ಕೊನೆಯ ಹೆಸರಿನಿಂದ ಮೇಲಕ್ಕೆ, ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದುತ್ತಾ ಹೋದರು. ದಾನಿಗಳ ಪಟ್ಟಿಯಲ್ಲಿ ಬದುಕಿರುವ ಒಬ್ಬರ ಹೆಸರಿನ ಹಿಂದೆ ‘ದಿ.’ ಬಿದ್ದಿತ್ತು. ‘ಮೇಲಿನಿಂದ ಓದಿದ್ರೆ ಅರ್ಥ ಓದ್ತದೆ, ಕಣ್ಣು ಓದುದಿಲ್ಲ. ಕೆಳಗಿನಿಂದ ಓದು’ ಎಂದರು. ಹನ್ನೊಂದನೇ ತಿದ್ದುಪಡಿ ಅದೇ. ಇವತ್ತಿಗೂ ನನ್ನ ಕೈಯಿಂದ ಹೋಗುವ ಪ್ರತಿ ಪುಸ್ತಕದ ಕೊನೆಯ ಕರಡನ್ನು ನಾನು ಹಾಗೇ ಓದುತ್ತೇನೆ. ನನ್ನ ಸಹೋದ್ಯೋಗಿಗಳೂ ಈಗ ಕಲಿತಿದ್ದಾರೆ. ಅದನ್ನು ಯಾವ ವಿಶ್ವವಿದ್ಯಾಲಯವೂ ನನಗೆ ಕಲಿಸಲಿಲ್ಲ. ಆ ಅಂಗಡಿಗೆ ವಿದ್ಯಾರ್ಥಿಗಳನ್ನು ಕಳಿಸಿ, ಅಲ್ಲಿ ಕಲಿತದ್ದಕ್ಕೂ ಅಂಕ ಕೊಟ್ಟಿದ್ದರೆ ನಮ್ಮ ಕಾಲೇಜಿಗೆ ಏನು ಕಡಿಮೆಯಾಗುತ್ತಿತ್ತು?

ಅಕ್ಕನ ಮಗಳಿಗೆ ಆ ಹುಡುಗಿಯ ಹಾಳೆಯ ಕ್ರಮವನ್ನು ಕನ್ನಡದಲ್ಲಿ ಹೇಳಿಕೊಟ್ಟೆ. ಹೋದ ವಾರ ಒಂದು ಯಕ್ಷಗಾನ ಬಯಲಾಟದ ಕರಪತ್ರದ ಕೆಲಸ ಬಂದಾಗ ಅವಳು ಮೊದಲು ಹಾಳೆ ಬರೆದುಕೊಂಡು ಹೋದಳು. ಆಟ ಆಡಿಸುವವರು ಹಿರಿಯರು. ಓದಿ ಅವರಿಗೆ ಬೇಸರವಾಯಿತಂತೆ. ‘ಇಷ್ಟೆಲ್ಲ ಬರೆಯುದು ಎಂತಕ್ಕೆ ಮಗಾ? ನಮ್ಮ ಮೇಲೆ ನಂಬಿಕೆ ಇಲ್ವಾ?’ ಇವಳಿಗೆ ಅಳು ಬರುವುದೊಂದು ಬಾಕಿ. ಅಷ್ಟರಲ್ಲಿ ಅವರು ಕಿಸೆಯಿಂದ ಪೆನ್ನು ತೆಗೆದು, ಹಾಳೆಯಲ್ಲಿ ‘ಶನಿವಾರ’ ಎಂದಿದ್ದದ್ದನ್ನು ಹೊಡೆದು ‘ಆದಿತ್ಯವಾರ’ ಎಂದು ಬರೆದರಂತೆ. ದರದ ಸಾಲಿನ ಎದುರು ಏನೂ ಬರೆಯದೆ ಹಾಗೇ ಬಿಟ್ಟಿದ್ದಾರೆ. ಅದನ್ನು ಕೇಳಲು ಇವಳು ನಾಳೆ ಮತ್ತೆ ಹೋಗುತ್ತಾಳೆ.