ಎಲುಬು ನೋವಾ? ಮೊದಲು ರಕ್ತದ ಕ್ಯಾಲ್ಸಿಯಂ ನೋಡಿಸಿ

ಈಗಷ್ಟೇ ವಿಜಯಪುರದ ಒಂದು ಔಷಧಿ ಅಂಗಡಿಯಿಂದ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಐವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಸೊಂಟ ಹಿಡಿದುಕೊಂಡು ನಿಂತಿದ್ದರು. "ಎಲುಬೆಲ್ಲಾ ನೋಯ್ತಾವ್ರಿ, ಹ್ವಾದ ವರ್ಷ ಕಿಡ್ನಿ ಸ್ಟೋನೂ ಆಗಿತ್ರಿ" ಅಂದರು. ಅಂಗಡಿಯವನು ಮುಂದೆ ಒಂದು ಮಾತೂ ಕೇಳಲಿಲ್ಲ. ಎರಡು ಸ್ಟ್ರಿಪ್ ಕ್ಯಾಲ್ಸಿಯಂ ಗುಳಿಗೆ ಕೊಟ್ಟು "ವಯಸ್ಸಾತಲ್ರಿ ಅಕ್ಕಾರ, ದಿನಾ ಒಂದು ತಗೋರಿ" ಅಂದ.

ನಮ್ಮ ಚಿಗವ್ವನಿಗೂ ಎಲ್ಲರೂ ಹೇಳಿದ್ದು ಇದನ್ನೇ. ಮೂರು ವರ್ಷ ಗುಳಿಗೆ ನುಂಗಿದಳು. ಎರಡು ಸಲ ಸ್ಟೋನ್ ಆಯಿತು. ಸದಾ ಸುಸ್ತು, ಬಾಯಾರಿಕೆ. ರೊಟ್ಟಿ ಬಡಿಯಲು ಕೂತರೆ ಏಳಲು ಆಗುತ್ತಿರಲಿಲ್ಲ. ಒಂದು ದಿನ ಹೊಸ್ತಿಲು ದಾಟುವಾಗ ಕಾಲು ತುಸು ಹೊರಳಿತು, ಅಷ್ಟಕ್ಕೇ ತೊಡೆಯ ಎಲುಬು ಮುರಿಯಿತು. ರಕ್ತದ ಕ್ಯಾಲ್ಸಿಯಂ ನೋಡಿದ್ದು ಆಗಲೇ, ಮೊದಲ ಸಲ! ಹೆಚ್ಚೆಂದರೆ 10.5 ಇರಬೇಕಾದದ್ದು 13 ದಾಟಿತ್ತು.

ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ಅಕ್ಕಿಕಾಳಿನಷ್ಟು ದೊಡ್ಡ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಎಲುಬಿನಿಂದ ತೆಗೆಸಿ ಸರಿದೂಗಿಸುವುದು ಅವುಗಳ ಹಾರ್ಮೋನು. ಒಂದರಲ್ಲಿ ಗಡ್ಡೆ ಬೆಳೆಯಿತೋ, ಅದು ಎಲುಬನ್ನು ಕರಗಿಸುತ್ತಲೇ ಇರುತ್ತದೆ. ರಕ್ತದಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಇದ್ದರೂ ನಿಲ್ಲುವುದಿಲ್ಲ. ಎಲುಬು ಟೊಳ್ಳಾಗುತ್ತದೆ, ಕಿಡ್ನಿಯಲ್ಲಿ ಕಲ್ಲು ಕಟ್ಟುತ್ತದೆ. ಅಂಥವರಿಗೆ ಪರೀಕ್ಷೆಯನ್ನೇ ಮಾಡದೆ ಮತ್ತೆ ಕ್ಯಾಲ್ಸಿಯಂ ಕೊಡುವುದಾ?

1925ರಲ್ಲಿ ವಿಯೆನ್ನಾದ ಸರ್ಜನ್ ಫೆಲಿಕ್ಸ್ ಮಾಂಡ್ಲ್ ಮುಂದೆ ಒಬ್ಬ ಟ್ರಾಂ ಕಂಡಕ್ಟರ್ ಇದೇ ಕಾಯಿಲೆಯಿಂದ ಬಂದಿದ್ದ. ಹಾರ್ಮೋನು ಕಡಿಮೆಯಾಗಿದೆ ಅಂತ ತಿಳಿದು ಮಾಂಡ್ಲ್ ಮೊದಲು ಬೇರೆಯವರ ಗ್ರಂಥಿಯನ್ನೇ ಅವನಿಗೆ ಕಸಿ ಮಾಡಿದರು. ಗುಣ ಕಾಣಲಿಲ್ಲ. ಆಮೇಲೆ ಕುತ್ತಿಗೆ ತೆರೆದು ಗಡ್ಡೆ ತೆಗೆದರು, ನೋವು ಇಳಿಯಿತು. ಆವತ್ತು ಅವರಿಗೆ ದಾರಿ ತೋರಿಸುವವರು ಯಾರೂ ಇರಲಿಲ್ಲ. ಈಗ ನೂರು ವರ್ಷ ಆಯಿತು, ನಾವು ಇನ್ನೂ ಅಲ್ಲೇ ಇರಬೇಕಾ?

ನಮ್ಮ ಹೆಂಗಸರಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ ಕೊರತೆ ಜಾಸ್ತಿ, ಈ ಕಾಯಿಲೆ ಅಪರೂಪ ಅಂತ ಕೆಲವರು ಹೇಳುತ್ತಾರೆ. ಇರಲಿ. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿದೆಯೋ ಇಲ್ಲವೋ ಅಂತ ತಿಳಿಯಲು ಒಂದು ರಕ್ತ ಪರೀಕ್ಷೆ ಸಾಕಲ್ವಾ? ಹೆಚ್ಚಿದ್ದರೆ ಆ ಗ್ರಂಥಿಗಳ ಹಾರ್ಮೋನು ಅಳೆಯುವ ಪಿಟಿಎಚ್ ಅಂತ ಇನ್ನೊಂದು. ಇಷ್ಟಕ್ಕೂ ಪುರುಸೊತ್ತಿಲ್ಲವಾ?

ಒಂದು ಮಾತು ಹೇಳಲೇಬೇಕು. ಚಿಗವ್ವನಿಗೆ ಆ ಗುಳಿಗೆಗಳನ್ನು ತಿಂಗಳು ತಿಂಗಳೂ ತಂದು ಕೊಡುತ್ತಿದ್ದವನು ನಾನೇ. "ಸುಮ್ನೆ ಮಲಗ್ತಿ, ಸ್ವಲ್ಪ ಅಡ್ಡಾಡು" ಅಂತ ಬೈದಿದ್ದೇನೆ. ಅವಳು ತಿರುಗಿ ಒಂದು ಮಾತೂ ಆಡಲಿಲ್ಲ. ಅದು ಈಗಲೂ ನಿದ್ದೆಗೆಡಿಸುತ್ತದೆ.

ಅವಳಿಗೂ ಇದೇ ಗಡ್ಡೆ ಇತ್ತು, ಅದನ್ನು ತೆಗೆಯುವ ಆಪರೇಷನ್ ಆಯಿತು. ಹಸಿದ ಎಲುಬು ಕ್ಯಾಲ್ಸಿಯಂ ಎಳೆದುಕೊಳ್ಳತೊಡಗಿ, ತುಟಿ, ಬೆರಳು ಜುಮುಜುಮು ಅಂದವು. ಕೆಲವು ದಿನ ಸಲೈನ್‌ನಲ್ಲಿ ಕ್ಯಾಲ್ಸಿಯಂ ಹಾಕಿದರು. ಅವಳಿಗೆ ಗುಳಿಗೆ ನಿಜವಾಗಿ ಬೇಕಾದದ್ದು ಆಗ. ಈಗ ಕೋಲಿಲ್ಲದೆ ನಡೆಯುತ್ತಾಳೆ.

ಇವತ್ತು ಆ ಹೆಣ್ಣುಮಗಳ ಹಿಂದೆ ಓಡಿದೆ. ಗುಳಿಗೆ ಬಿಲ್ಲಿನ ಹಿಂದೆ "ರಕ್ತದ ಕ್ಯಾಲ್ಸಿಯಂ, ಪಿಟಿಎಚ್" ಅಂತ ಬರೆದು, ಡಾಕ್ಟರಿಗೆ ತೋರಿಸಿರಿ ಅಂದೆ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಸಿಂದಗಿ ಬಸ್ ಹತ್ತಿದರು.