ನೀಲಗಿರಿ ಬೊಡ್ಡೆ ಕೀಳಿಸಿದ ದಿನ

ಕಳೆದ ವಾರ ಊರಿಗೆ ಹೋಗಿದ್ದೆ. ನಮ್ಮದು ಕೋಲಾರ ಜಿಲ್ಲೆ ಮಾಲೂರು ಕಡೆ. ಮೇಲಿನ ಹೊಲದಲ್ಲಿ ಉಳಿದಿದ್ದ ನೀಲಗಿರಿ ಬೊಡ್ಡೆಗಳನ್ನು ಕೀಳಿಸೋಣ ಅಂತ ಜೆಸಿಬಿ ಕರೆಸಿದ್ದೆವು. ಗಂಟೆ ಲೆಕ್ಕ. ಒಂದೊಂದು ಬೊಡ್ಡೆಗೂ ಗಾಡಿ ಹಿಂದೆ ಮುಂದೆ ಹೋಗಿ ಬರಬೇಕು, ಬೇರು ಮಣ್ಣು ಬಿಡುವುದೇ ಇಲ್ಲ. ಕಿತ್ತು ಬಂದ ಗುಂಡಿಗೆ ಇಳಿದು ಮಣ್ಣು ಮುಟ್ಟಿ ನೋಡಿದೆ. ಎರಡು ದಿನದ ಹಿಂದೆ ಒಳ್ಳೆ ಮಳೆ ಆಗಿತ್ತು. ಆದರೂ ಒಂದು ಮೊಳ ಕೆಳಗೆ ಮಣ್ಣು ಹಿಟ್ಟಿನ ಹಾಗೆ ಒಣಗಿಕೊಂಡಿತ್ತು, ಹಿಡಿದರೆ ಬೆರಳ ಸಂದಿಯಲ್ಲಿ ಸೋರಿಹೋಗುತ್ತಿತ್ತು. ಅಪ್ಪ ಬದುವಿನ ಮೇಲೆ ಕೂತು ನೋಡುತ್ತಿದ್ದರು. "ಇಡೋವಾಗ ಕಾಸು ಕೇಳಲಿಲ್ಲ ಕಣಪ್ಪ, ಈಗ ಕೀಳೋಕೆ ನಾವು ಕೊಡ್ತಾ ಇದೀವಿ" ಅಂದರು.

ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಅದಕ್ಕೆ ಇಷ್ಟು ಉದ್ದ ಬರೆಯುತ್ತಿದ್ದೇನೆ, ಬಿಡುವಿದ್ದಾಗ ಓದಿ.

ಈ ಗಿಡ ನಮ್ಮ ಹೊಲಕ್ಕೆ ಬಂದದ್ದು 80ರ ದಶಕದಲ್ಲಿ. ಆಗ ಸಾಮಾಜಿಕ ಅರಣ್ಯ ಯೋಜನೆ ಅಂತ ಒಂದಿತ್ತು. ವಿಶ್ವಬ್ಯಾಂಕಿನ ಸಾಲ, ಬ್ರಿಟನ್ ಸರ್ಕಾರದ ನೆರವು, ಜಾರಿ ಮಾಡುವುದು ನಮ್ಮ ಅರಣ್ಯ ಇಲಾಖೆ. ಹಳ್ಳಿಯವರಿಗೆ ಸೌದೆ ಸಿಗಬೇಕು, ಕಾಡಿನ ಮೇಲಿನ ಒತ್ತಡ ಕಡಿಮೆ ಆಗಬೇಕು ಅನ್ನುವುದು ಉದ್ದೇಶ. ಉದ್ದೇಶದಲ್ಲಿ ತಪ್ಪು ಹುಡುಕಲು ನಾನು ಹೋಗುವುದಿಲ್ಲ. ನಮ್ಮಮ್ಮ ಸೌದೆಗೆ ಪಟ್ಟ ಪಾಡು ನನಗೆ ಗೊತ್ತು. ಆದರೆ ನರ್ಸರಿಯಿಂದ ರಾಶಿ ರಾಶಿ ಬಂದದ್ದು ನೀಲಗಿರಿ. ಹೊಂಗೆ, ಹುಣಸೆ, ಬೇವು ಎಲ್ಲ ಲೆಕ್ಕಕ್ಕೆ ಅಷ್ಟಿಷ್ಟು. ಯಾಕೆಂದರೆ ನೀಲಗಿರಿ ಬೇಗ ಬೆಳೆಯುತ್ತೆ, ದನ ಮೇಕೆ ಬಾಯಿ ಹಾಕಲ್ಲ, ಎಷ್ಟು ಸಸಿ ಬದುಕಿತು ಅಂತ ವರದಿ ಬರೆಯುವವರಿಗೆ ಸಲೀಸು. ದನ ತಿನ್ನಲ್ಲ ಅನ್ನುವುದು ಇಲಾಖೆಗೆ ಅನುಕೂಲ, ದನ ಸಾಕುವವನಿಗೆ ಅದೇ ನಷ್ಟ. ಇದನ್ನು ಅವತ್ತು ಯಾರಾದರೂ ನಮ್ಮೂರಲ್ಲಿ ಕೇಳಿದ್ದರೆ ಯಾವ ಹೆಂಗಸಾದರೂ ಹೇಳುತ್ತಿದ್ದಳು. ಕೇಳಲಿಲ್ಲ.

ನಾನು ಆಗ ನಾಲ್ಕನೇ ಕ್ಲಾಸು. ವನಮಹೋತ್ಸವದ ದಿನ ಶಾಲೆಯಲ್ಲಿ ನಮ್ಮ ಕೈಗೆ ಕಪ್ಪು ಪ್ಲಾಸ್ಟಿಕ್ ಕವರಿನ ಎರಡೆರಡು ಸಸಿ ಕೊಟ್ಟರು. ಮರ ಬೆಳೆಸಿ ನಾಡು ಉಳಿಸಿ ಅಂತ ಘೋಷಣೆ ಕೂಗಿಸುತ್ತಾ ಊರ ಸುತ್ತ ಮೆರವಣಿಗೆ ಮಾಡಿಸಿದರು. ಮೇಷ್ಟ್ರಿಗೂ ಅದರಲ್ಲಿ ನಂಬಿಕೆ ಇತ್ತು. ಆ ಸಸಿ ತಂದು ಅಪ್ಪನ ಕೈಗೆ ಕೊಟ್ಟವನು ನಾನೇ. ಅದೇ ಶಾಲೆಯ ಹಿಂದೆ ನನ್ನ ಅಜ್ಜಿಯ ವಯಸ್ಸಿನ ಹುಣಸೆ ಮರ ಇತ್ತು. ಅದರ ಬಗ್ಗೆ ಒಂದು ದಿನವೂ ಪಾಠದಲ್ಲಿ ಒಂದು ಮಾತು ಬರಲಿಲ್ಲ.

ಅಪ್ಪನನ್ನೂ ದೂರುವ ಹಾಗಿಲ್ಲ. ರಾಗಿ ಹೊಲ ಅಂದರೆ ಉಳಬೇಕು, ಬಿತ್ತಬೇಕು, ಕಳೆ ತೆಗೆಸಬೇಕು, ಕೊಯ್ಯಬೇಕು, ಕಣ ಮಾಡಬೇಕು. ಮಳೆ ಕೈಕೊಟ್ಟರೆ ಅಷ್ಟೂ ನೀರಲ್ಲಿ ಹೋಮ. ನೀಲಗಿರಿ ಇಟ್ಟರೆ ಇಟ್ಟ ಹಾಗೆ, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತೆ. ಗಳ ಬೆಂಗಳೂರಿನ ಕಟ್ಟಡಗಳ ಕೆಲಸಕ್ಕೆ, ಉಳಿದದ್ದು ಕಾಗದದ ಕಾರ್ಖಾನೆಗೆ. ಸೌದೆಗೆ ಅಂತ ಬಂದ ಗಿಡ ಲಾರಿ ಹತ್ತಿ ಹೋಯಿತು. ಆದರೆ ರಾಗಿ ಜೊತೆಗೆ ಅಕ್ಕಡಿ ಸಾಲಲ್ಲಿ ಬರುತ್ತಿದ್ದ ಅವರೆ, ತೊಗರಿ, ಹುಚ್ಚೆಳ್ಳು, ಅಲಸಂದೆ ಎಲ್ಲ ಒಟ್ಟಿಗೆ ಹೋದವು. ದನಕ್ಕೆ ರಾಗಿ ಹುಲ್ಲು ಹೋಯಿತು. ಕಳೆ ತೆಗೆಯಲು, ಕೊಯ್ಲಿಗೆ ಬರುತ್ತಿದ್ದ ಹೆಂಗಸರ ಕೂಲಿ ಹೋಯಿತು. ಈ ನಷ್ಟ ಯಾವ ವರದಿಯಲ್ಲೂ ಬರುವುದಿಲ್ಲ, ಯಾಕೆಂದರೆ ಅವರ ಹೆಸರಲ್ಲಿ ಹೊಲವೇ ಇರಲಿಲ್ಲ.

ಬೇಡ ಅಂದವರು ಇರಲಿಲ್ಲವಾ? ಇದ್ದರು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತರು ಅರಣ್ಯ ಇಲಾಖೆಯ ನರ್ಸರಿಗೇ ಹೋಗಿ ನೀಲಗಿರಿ ಸಸಿ ಕಿತ್ತು ಹಾಕಿ, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿ ಬಂದರು. 1987ರಲ್ಲಿ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಗೋಮಾಳದಲ್ಲಿ ನೆಟ್ಟಿದ್ದ ನೀಲಗಿರಿ ಕಿತ್ತು ಬೇರೆ ಗಿಡ ನೆಟ್ಟರು. ಕಿತ್ತಿಕೋ ಹಚ್ಚಿಕೋ ಅಂತ ಆ ಹೋರಾಟಕ್ಕೆ ಹೆಸರೇ ಬಂತು. ಅಲ್ಲಿ ನೀಲಗಿರಿ ಬೆಳೆಸಲು ಸರ್ಕಾರ ಮತ್ತು ಮರದ ತಿರುಳಿನಿಂದ ನೂಲಿನ ಎಳೆ ಮಾಡುವ ಪಾಲಿಫೈಬರ್ ಕಾರ್ಖಾನೆ ಸೇರಿ ಮಾಡಿಕೊಂಡಿದ್ದ ಜಂಟಿ ಕಂಪನಿ ಕೊನೆಗೆ 90ರ ದಶಕದ ಶುರುವಿನಲ್ಲಿ ಬಾಗಿಲು ಹಾಕಬೇಕಾಯಿತು. ಆ ಕಾಲದಲ್ಲಿ ಇವರಿಗೆ ಸಿಕ್ಕ ಬಿರುದು ಅಭಿವೃದ್ಧಿ ವಿರೋಧಿಗಳು ಅಂತ. ಆಮೇಲೆ 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ಬೆಳೆಸುವಂತಿಲ್ಲ ಅಂತ ಆದೇಶ ಮಾಡಿತು. ಒಳ್ಳೆಯದೇ. ಆದರೆ ಮೂವತ್ತು ವರ್ಷದ ಹಿಂದೆ ಇಡು ಅಂದವರೂ ಅವರೇ, ಈಗ ಇಡಬೇಡ ಅನ್ನುವವರೂ ಅವರೇ. ನಡುವೆ ಹೊಲ ಕಳಕೊಂಡವನ ಗುಂಡಿ ಮುಚ್ಚುವ ಖರ್ಚು ಮಾತ್ರ ಯಾರ ಲೆಕ್ಕಕ್ಕೂ ಸೇರಿಲ್ಲ.

ಇಷ್ಟು ಓದಿ ಇವನು ಹೊರಗಿನದ್ದೆಲ್ಲ ಕೆಟ್ಟದ್ದು ಅನ್ನುತ್ತಿದ್ದಾನೆ ಅಂದುಕೊಳ್ಳಬೇಡಿ. ಹಾಗೆ ಹೇಳಿದರೆ ಸುಳ್ಳಾಗುತ್ತೆ. ನಾವು ನಮ್ಮದೇ ಅನ್ನುವ ರಾಗಿ ಸಾವಿರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದದ್ದು. ಟೊಮೇಟೊ, ಮೆಣಸಿನಕಾಯಿ, ಕಡಲೆಕಾಯಿ ಎಲ್ಲ ಅಮೆರಿಕ ಖಂಡದವು. ಟೊಮೇಟೊ ಇಲ್ಲದ ಕೋಲಾರ ಇವತ್ತು ಯೋಚಿಸಲಿಕ್ಕೂ ಆಗಲ್ಲ. ಆದರೆ ಒಂದು ಹೊಸ ಬೆಳೆ ಬಂದರೆ ನಮ್ಮ ಹಿರಿಯರು ಮೊದಲು ಒಂದು ಮೂಲೆಯಲ್ಲಿ ನಾಲ್ಕು ಸಾಲು ಹಾಕಿ ನೋಡುತ್ತಿದ್ದರು. ಸರಿ ಬಂದರೆ ಮುಂದಿನ ವರ್ಷ ಎಂಟು ಸಾಲು. ಸರಿ ಬರದಿದ್ದರೆ ಬಿಟ್ಟರು, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹಾಕಿ ನೋಡುವುದೂ ಬಿಡುವುದೂ ನಮ್ಮ ಕೈಯಲ್ಲಿತ್ತು. ಯೋಜನೆಯಾಗಿ ಬಂದಾಗ ಆ ಬಿಡುವ ಹಕ್ಕೇ ಮೊದಲು ಹೋಗುತ್ತೆ.

ನಮ್ಮೂರ ಕೆರೆ ನೋಡಿ. ಮೊದಲು ನೀರಗಂಟಿ ಇರುತ್ತಿದ್ದ. ತೂಬು ಎತ್ತುವವನು, ಇಳಿಸುವವನು ಅವನೇ. ಯಾರ ಗದ್ದೆಗೆ ಯಾವಾಗ, ಎಷ್ಟು ಹೊತ್ತು ಅನ್ನುವುದು ಅವನ ತಲೆಯಲ್ಲಿರುತ್ತಿತ್ತು. ಸುಗ್ಗಿಯಲ್ಲಿ ಎಲ್ಲರೂ ಕಣದಲ್ಲೇ ಅವನಿಗೆ ಆಯ ಅಳೆದು ಕೊಡುತ್ತಿದ್ದರು. ಆ ವ್ಯವಸ್ಥೆಯಲ್ಲಿ ಜಾತಿ ಇತ್ತು, ಅನ್ಯಾಯವೂ ಇತ್ತು, ಅದನ್ನು ಮರೆಮಾಚಬಾರದು. ಆದರೆ ಕೆರೆ ಯಾರದು ಅಂದರೆ ಊರಿಗೆ ಉತ್ತರ ಗೊತ್ತಿತ್ತು. 2002ರಲ್ಲಿ ಮತ್ತೆ ವಿಶ್ವಬ್ಯಾಂಕ್ ಸಾಲದಲ್ಲಿ ಜಲ ಸಂವರ್ಧನೆ ಅಂತ ಕೆರೆ ಯೋಜನೆ ಬಂತು. ಈ ಸಲ ಪಾಠ ಕಲಿತಿದ್ದರು, ಜನರೇ ಕೆರೆ ಬಳಕೆದಾರರ ಸಂಘ ಕಟ್ಟಿಕೊಳ್ಳಲಿ ಅಂದರು. ಹೂಳು ತೆಗೆದದ್ದರಿಂದ ಎಷ್ಟೋ ಕಡೆ ಅನುಕೂಲವೂ ಆಯಿತು. ಆದರೆ ಊರಿಗೆ ಆಗಲೇ ಓಟು ಹಾಕಿ ಆರಿಸಿದ ಗ್ರಾಮ ಪಂಚಾಯಿತಿ ಇತ್ತಲ್ವಾ? ಅದರ ಪಕ್ಕದಲ್ಲೇ ಇನ್ನೊಂದು ಸಂಘ, ಅದಕ್ಕೆ ಬೇರೆ ಅಧ್ಯಕ್ಷ, ಬೇರೆ ಪಾಸ್‌ಬುಕ್. ನನಗೆ ಗೊತ್ತಿರುವ ಒಂದು ಊರಲ್ಲಿ ದುಡ್ಡು ಬರುವುದು ನಿಂತ ಮೇಲೆ ಸಂಘದ ಸಭೆಯೂ ನಿಂತಿತು. ತೂಬಿನ ಕದ ಮುರಿದಾಗ ಪಂಚಾಯಿತಿಯವರು ಸಂಘ ಅಂದರು, ಸಂಘದವರು ಪಂಚಾಯಿತಿ ಅಂದರು.

2018ರಲ್ಲಿ ಕೆ.ಸಿ. ವ್ಯಾಲಿ ನೀರು ಬಂತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡುವುದು. ಮೊದಲು ಬಂದದ್ದು ಲಕ್ಷ್ಮೀಸಾಗರ ಕೆರೆಗೆ. ಕೆಲವೇ ವಾರದಲ್ಲಿ ನೊರೆ ಎದ್ದಿತು, ವಿಷಯ ಹೈಕೋರ್ಟಿಗೆ ಹೋಯಿತು. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಬಂದದ್ದೂ ನಿಜ, ಆ ಖುಷಿ ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಇದು ಜಾಸ್ತಿ ಕಷ್ಟದ ಪ್ರಶ್ನೆ. ಸಾವಿರ ಅಡಿ ಕೊರೆಸಿದವನಿಗೆ ಆಯ್ಕೆ ಎಲ್ಲಿದೆ? ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಕೇಳಿದರೆ ನೀರೇ ಬೇಡವಾ ಅಂತ ತಿರುಗಿ ಕೇಳುತ್ತಾರೆ. ನಮ್ಮ ಹಳ್ಳಿಗೆ ವಿಶ್ವಬ್ಯಾಂಕ್ ಇರುವ ವಾಷಿಂಗ್ಟನ್ ಎಷ್ಟು ಹೊರಗೋ ಎಷ್ಟೋ ಸಲ ವಿಧಾನಸೌಧವೂ ಅಷ್ಟೇ ಹೊರಗೆ.

ಚೆನ್ನಾಗಿ ಆದದ್ದೂ ಒಂದು ಹೇಳುತ್ತೇನೆ. ನಲಿ-ಕಲಿ, ಅಂದರೆ ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳು ಆಡುತ್ತಾ ಕಲಿಯುವ ಪದ್ಧತಿ. 1995ರ ಸುಮಾರಿಗೆ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿ ಹಳ್ಳಿ ಮಕ್ಕಳು ಕಾರ್ಡ್ ಹಿಡಿದು ತಮ್ಮ ಪಾಡಿಗೆ ತಾವು ಕಲಿಯುವುದನ್ನು ನೋಡಿ ಬಂದರು. ಯುನಿಸೆಫ್ ನೆರವು ಕೊಟ್ಟಿತು. ಹಣವೂ ಹೊರಗಿನದು, ಐಡಿಯಾವೂ ಹೊರಗಿನದು. ಆದರೆ ಕಾರ್ಡ್ ಬರೆದವರು, ಹಾಡು ಸೇರಿಸಿದವರು, ತಮ್ಮ ಮಕ್ಕಳ ಮಾತಿಗೆ ತಕ್ಕ ಹಾಗೆ ತಿದ್ದಿದವರು ಆ ಮೇಷ್ಟ್ರುಗಳೇ. ಆಮೇಲೆ ಅದೇ ನಲಿ-ಕಲಿ ರಾಜ್ಯಕ್ಕೆಲ್ಲ ಆದೇಶವಾಗಿ ಬಂದಾಗ ನನ್ನ ಅತ್ತಿಗೆ ಪಾಠ ಮಾಡುವ ಶಾಲೆಗೆ ಕಾರ್ಡಿನ ಪೆಟ್ಟಿಗೆ ಬಂತು. ಒಂದೇ ರೂಮು, ಮೂರು ಕ್ಲಾಸಿನ ಮಕ್ಕಳು, ಜೊತೆಗೆ ತುಂಬಬೇಕಾದ ರಾಶಿ ದಾಖಲೆ. "ಪೆಟ್ಟಿಗೆ ಬಂತಪ್ಪ, ಅದನ್ನು ಮಾಡಿದವರ ಹುರುಪು ಅದರ ಜೊತೆ ಬರಲಿಲ್ಲ" ಅಂತಾರೆ ಅವರು.

ಈಗ ಹೊಸದೊಂದು ಬಂದಿದೆ. ಬೊಡ್ಡೆ ಕೀಳಿಸಿದ ಸಂಜೆಯೇ ಬೈಕಿನಲ್ಲಿ ಒಬ್ಬ ಹುಡುಗ ಬಂದ. ಹೊಲದಲ್ಲಿ ಗಿಡ ಹಾಕಿದರೆ ಅದು ಗಾಳಿಯಿಂದ ಹೀರಿಕೊಳ್ಳುವ ಕಾರ್ಬನ್ ಲೆಕ್ಕದಲ್ಲಿ ದುಡ್ಡು ಬರುತ್ತೆ, ಸಸಿ ಫ್ರೀ, ಸಹಿ ಮಾಡಿದರೆ ಸಾಕು ಅಂದ. ಒಳ್ಳೆ ಹುಡುಗ, ವಿನಯವಾಗಿ ಮಾತಾಡಿದ. ಅಪ್ಪ ಎಲ್ಲ ಕೇಳಿಸಿಕೊಂಡು, ಕಾಫಿ ಕೊಡಿಸಿ, ಎರಡೇ ಪ್ರಶ್ನೆ ಕೇಳಿದರು. ಅರ್ಧ ಎಕರೆಗೆ ಮಾತ್ರ ಹಾಕಿ ನೋಡಬಹುದಾ? ಸರಿ ಬರಲಿಲ್ಲ ಅಂದರೆ ಐದು ವರ್ಷ ಬಿಟ್ಟು ಕೀಳಬಹುದಾ?

ಹುಡುಗ ಕಾಗದ ಆ ಕಡೆ ಈ ಕಡೆ ತಿರುಗಿಸಿ ನೋಡಿದ. "ಮೇಲಿನವರನ್ನು ಕೇಳಿ ಹೇಳ್ತೀನಿ ತಾತ" ಅಂದ. ಕಾಗದ ನಮ್ಮ ನಡುಮನೆಯ ಕಿಟಕಿಯಲ್ಲೇ ಇದೆ, ಸಹಿ ಹಾಕಿಲ್ಲ. ಆ ಹೊಲಕ್ಕೆ ಈ ಮುಂಗಾರಿಗೆ ಹುರುಳಿ ಚೆಲ್ಲುತ್ತಾರಂತೆ, ಮಣ್ಣು ಸ್ವಲ್ಪ ಸುಧಾರಿಸಿಕೊಳ್ಳಲಿ ಅಂತ.